ನಕ್ಷೆಯಲ್ಲೊಂದು ಮೊಳೆ

ಮಾಲಿಮ್ ಜೆಟ್ಟಿಯ ತುದಿಯಲ್ಲಿ ನಕ್ಷೆ ಬಿಚ್ಚಿದೆ.
ಗಾಳಿಗೆ ಏಳದಿರಲೆಂದು ಮೂಲೆಗೊಂದು
ಬಲೆಯ ಸೀಸದ ಗುಂಡು ಇಟ್ಟುಕೊಟ್ಟ
ಜಟ್ಟಪ್ಪ ಮೊಗೇರ. ಹುಟ್ಟಿದ್ದು ಭಟ್ಕಳ.
ಇಪ್ಪತ್ತೆರಡು ವರ್ಷದಿಂದ,
ಆಗಸ್ಟಿನಿಂದ ಮೇವರೆಗೆ,
ಯಾವ ಊರಿನವನೂ ಅಲ್ಲ.

"ಇದೆಂತ ಅಕ್ಕೋರೇ, ಈ ಬಾಣ?"
ಉತ್ತರ, ಅಂದೆ.
ಪ್ರತಿ ನಕ್ಷೆಯ ಬಲ ಮೂಲೆಗೆ ಇರಲೇಬೇಕು,
ಮರೆತರೆ ಕಾಲೇಜಿನಲ್ಲಿ ಎರಡು ಅಂಕ ಕಳೆಯುತ್ತಿದ್ದರು.
ಅವನು ನಗಲಿಲ್ಲ. ಮಾಂಡವಿಯತ್ತ ಗದ್ದ ಎತ್ತಿದ.
ಲಂಗರು ಹಾಕಿದ ಬೋಟುಗಳು
ಇಳಿತಕ್ಕೆ ಘಟ್ಟದ ಕಡೆ ಮೂತಿ,
ಭರತಕ್ಕೆ ಕಡಲ ಕಡೆ,
ಯಾರೂ ಹೇಳದೆ, ಒಟ್ಟಿಗೇ.
"ನಿಮ್ಮ ಮನೆ ತಿರುಗಿದರೆ ಇದೂ ತಿರುಗ್ತದಾ?"
ರಬ್ಬರು ತೆಗೆದು ಉತ್ತರ ಅಳಿಸಿದೆ.

ಪಣಜಿಯ ಕಚೇರಿಯಲ್ಲಿ ಸರ್ವೆ ನಂಬರು ಕೇಳಿದರು.
ನೀರಿಗಿಲ್ಲ, ಅಂದೆ.
ಹಾಗಾದರೆ ಮನೆಯಲ್ಲ.
ಇಂಜಿನ್ ಉಂಟೋ? ಇಲ್ಲ.
ಹಾಗಾದರೆ ದೋಣಿಯೂ ಅಲ್ಲ.
ಎರಡೂ ಅಲ್ಲದ್ದಕ್ಕೆ ಅರ್ಜಿ ಬೇರೆ ಮೇಜಿನಲ್ಲಿ,
ಆ ಮೇಜಿನವರು ರಜೆ.
ಕಿಟಕಿಯಾಚೆ ನದಿಯ ನಟ್ಟನಡುವೆ
ಐದು ಮಹಡಿಯ ಕ್ಯಾಸಿನೋ
ಹಾಡುಹಗಲೇ ದೀಪ ಹಚ್ಚಿಕೊಂಡು ತೇಲುತ್ತಿತ್ತು.
ಅದರ ಸರ್ವೆ ನಂಬರು ಕೇಳುವ ಧೈರ್ಯ
ನನಗೂ ಬರಲಿಲ್ಲ.

ಅಳತೆಗೆಂದು ಬೋಟಿನ ಹೊಟ್ಟೆಗೆ ಇಳಿದಿದ್ದೆ.
ಡೀಸೆಲ್ಲು, ಒಣಗದ ಹಗ್ಗ, ಯಾರದೋ ತಲೆಗೆಣ್ಣೆ.
ಒಂದು ಮೈಗೆ ಒಂದೂವರೆ ಅಡಿ ಅಗಲ;
ಮಗ್ಗುಲು ಬದಲಿಸಬೇಕಾದರೆ
ಪಕ್ಕದವನ ಒಪ್ಪಿಗೆ ಬೇಕು.

ಎಂತ ಬೇಕು ಹೇಳಿ, ಅಂದೆ, ಪೆನ್ಸಿಲು ಚೂಪಾಗಿಟ್ಟುಕೊಂಡು.
ಅಡುಗೆಯ ಬುಡ್ಡ ಹರಿಕಂತ್ರ
ಪಾತ್ರೆ ಜಾರದಂತೆ ಒಲೆಗೊಂದು ಕಟ್ಟೆ ಕೇಳಿದ.
ಒಡಿಶಾದ ಹುಡುಗ ಫೋನಿಗೆ ಚಾರ್ಜಿಂಗ್ ಪಾಯಿಂಟು ಅಂದ.
ಅವನ ಹೆಸರು ನಿರಾಕಾರ;
ಬರೆದುಕೊಳ್ಳುವಾಗ ನನಗೆ ತುಸು ನಾಚಿಕೆಯಾಯಿತು.
ಜಟ್ಟಪ್ಪ ಬಹಳ ಹೊತ್ತು ಸುಮ್ಮನಿದ್ದ.
"ಒಂದು ಮೊಳೆ," ಅಂದ.
"ಅಂಗಿ ತೂಗಹಾಕಲಿಕ್ಕೆ.
ಬೋಟಲ್ಲಿ ಅದೇ ತಲೆದಿಂಬು.
ಊರಿಗೆ ಹೋಗಿ ಬಸ್ಸಿಳಿದರೆ
ನೆರಿಗೆ ನೋಡಿಯೇ ಗುರುತು ಹಿಡಿತಾರೆ."

ನವೆಂಬರಿನಲ್ಲಿ ತೇಲಿಬಿಟ್ಟೆವು.
ನಲವತ್ತೆಂಟು ನೀಲಿ ಡ್ರಮ್ಮು,
ಎಷ್ಟು ತೊಳೆದರೂ ಹೋಗದ ಆಸಿಡ್ ವಾಸನೆ,
ಮೇಲೆ ಬಿದಿರು, ಪ್ಲೈವುಡ್ಡು, ತಗಡು.
ಕಾಗದದ ಮೇಲೆ ಒಂಬತ್ತು ಜನರನ್ನೂ
ಸಮವಾಗಿ ಹಂಚಿ ಕೂರಿಸಿದ್ದೆ, ದೇವರಂತೆ.
ಕೂತೂ ಇದ್ದರು, ಪಾಪ, ಚಹಾ ಹಿಡಿದು.
ಅಷ್ಟರಲ್ಲಿ ಅಂಚಿನವರೆಗೆ ಬಂಗುಡೆ ತುಂಬಿಕೊಂಡು
ಪಕ್ಕದ ಬೋಟು ಬಂತು.
ಎಲ್ಲರೂ ಎದ್ದು ಒಂದೇ ಬದಿಗೆ ಓಡಿದರು.

ಮೀನು ನೋಡಲು ಓಡುವವರ ತೂಕ
ನನ್ನ ಲೆಕ್ಕದಲ್ಲಿರಲಿಲ್ಲ.
ಲೋಟ ಜಾರಿತು, ಪೆನ್ಸಿಲು ಉರುಳಿ
ನದಿ ಸೇರಿತು, ನಾನು ಕಂಬ ತಬ್ಬಿದೆ.
ಜಟ್ಟಪ್ಪ ಒಂದು ಮಾತೂ ಆಡದೆ
ಅಕ್ಕಿಮೂಟೆಯನ್ನು ಆಚೆ ಬದಿಗೆ ಎಳೆದುಕೊಂಡು ಹೋಗಿ
ಅದರ ಮೇಲೆ ತಾನೂ ಕೂತ.

ಆಗ ಕಂಡದ್ದು:
ಮನೆ ವಾಲಿತ್ತು, ಅಂಗಿ ವಾಲಿರಲಿಲ್ಲ.
ಮೊಳೆಯಿಂದ ನೇರ ಕೆಳಗೆ,
ಗಾರೆಯವನ ತೂಗುಗುಂಡಿನ ಹಾಗೆ,
ಎರಡು ಖಾಲಿ ತೋಳು.

ಹೊಸ ನಕ್ಷೆಯ ಬಲ ಮೂಲೆಯಲ್ಲಿ ಈಗ
ಮೊಳೆ, ಎರಡೂವರೆ ಇಂಚು.
ಅದರ ಕೆಳಗೆ, ಇಂಜಿನಿಯರು ನಕ್ಕರೂ ಬಿಡದೆ ಬರೆದೆ:
ಅಕ್ಕಿಮೂಟೆ, ಇಪ್ಪತ್ತೈದು ಕಿಲೋ,
ಸ್ಥಳ ಆಗಾಗ ಬದಲಾಗತಕ್ಕದ್ದು.

ಆ ಮೇಜಿನವರು ಇನ್ನೂ ಬಂದಿಲ್ಲ.
ಬೋಟು ರಾತ್ರಿ ಮೂರಕ್ಕೇ ಹೊರಟಿದೆ,
ಹನ್ನೆರಡು ದಿನವಂತೆ, ಮೀನು ಸಿಕ್ಕರೆ.
ಬೆಳಿಗ್ಗೆ ಹೋಗಿ ನೋಡಿದೆ.
ಭರತಕ್ಕೆ ಮನೆ ಕಡಲ ಕಡೆ ತಿರುಗಿತ್ತು.
ಅಂಗಿ ಬಿಟ್ಟುಹೋಗಿದ್ದಾನೆ.